ಬೀಳೂದರ ಸಪ್ಪಳ

ಶುಕ್ರವಾರ ಸಂಜೀ ಆರಕ್ಕ ವಿಷಯ ಕೊಟ್ರು:
ನೆಲ.
ಅಷ್ಟ. ಮುಂದ ನಲವತ್ತೆಂಟು ತಾಸು,
ವಿದ್ಯಾನಗರದ ಕಾಲೇಜಿನ ಮೂರನೇ ಮಹಡಿ,
ತಿರುಗದ ಎರಡು ಫ್ಯಾನು, ಹನ್ನೊಂದು ಗುಂಪು,
ರವಿವಾರ ಇದೇ ಹೊತ್ತಿಗೆ ಆಟ ಆಡೂಹಂಗ ಇರಬೇಕು.
ಹಿಂದಿನ ವಾರ ಬೆಳಗಾವಿಯಿಂದ ಬಂದ ಮೇಡಮ್ಮು ಹೇಳಿದ್ರು,
"ನಿಮ್ಮ ಮೊದಲ ಆಟ ಕೆಟ್ಟದ್ದ ಇರ್ತೈತಿ,
ಲಗೂ ಮಾಡಿ ಮುಗಸ್ರಿ."

ವಿರೂಪಾಕ್ಷ ಕೋಡ್ ಬರೀತೇನಂದ.
ಶಾಹೀನ್ ಚಿತ್ರ. ತ್ರಿವೇಣಿ ಬಡಿಗೇರ ಹಂತ ಕಟ್ಟೂದು.
ನನಗ ಉಳಿದದ್ದು ಸಪ್ಪಳ.

ನಮ್ಮ ಆಟದಾಗ ಒಬ್ಬ ಹುಡುಗ,
ಎರಿ ಹೊಲ ದಾಟಬೇಕು ಅವ,
ಬಿರುಕಿನ್ಯಾಗ ಕಾಲು ಸಿಗದಂಗ.
ಎರಿ ಮ್ಯಾಲ ನಡದ್ರ ಸಪ್ಪಳ ಹ್ಯಾಂಗ ಬರ್ತೈತಿ?
ಇಂಟರ್ನೆಟ್ಟಿನ್ಯಾಗ ಹುಡುಕಿದೆ:
ಹಿಮದ ಮ್ಯಾಲ ನಡದದ್ದು ಐತಿ, ಮರಳಿನ ಮ್ಯಾಲ ಐತಿ,
ಬೂಟಿಂದೈತಿ, ಕುದುರಿಂದೂ ಐತಿ.
ಅಣ್ಣಿಗೇರಿದು ಇಲ್ಲ.
ನಾ ಅಲ್ಲಿಯಾಕಿ. ನನಗ ಗೊತ್ತೈತಿ,
ಕಿವಿಯಾಗಲ್ಲ, ಹಿಮ್ಮಡದಾಗ:
ಮ್ಯಾಲ ಹೆಂಟಿ ಚುರ್ ಅಂತೈತಿ,
ತಳಗ ಏನೋ ಟೊಳ್ಳು ಓ ಅಂತೈತಿ.

ರಾತ್ರಿ ಹತ್ತೂವರಿಗೆ ಗಿರ್ಮಿಟ್ ಗಾಡಿಗೆ ಹೋದೆ.
"ಉಳ್ಳಾಗಡ್ಡಿ ಬ್ಯಾಡ, ಖಾರ ಬ್ಯಾಡ, ಬರೇ ಚುರುಮುರಿ."
ಗಾಡಿಯವ ನನ್ನ ಮಾರಿ ನೋಡಿದ,
"ಹೊಟ್ಟಿ ಆರಾಮ ಇಲ್ಲೇನ್ರಿ?"
ಜಿನಿಯ ತಳಗ ಬಕೀಟು ಬೋರಲು ಹಾಕಿ,
ಅದರ ಮ್ಯಾಲ ಚುರುಮುರಿ ಚೀಲ,
ಮುಷ್ಟಿಯಿಂದ ಒತ್ತಿದೆ, ಎಡಗಾಲು, ಬಲಗಾಲು,
ಕುಂಟತನ ಬಂತು, ಮತ್ತ ಒತ್ತಿದೆ.
ನಡದ! ನಮ್ಮ ಹುಡುಗ ಹೊಲದಾಗ ನಡದ.

ಮೂರು ಹೆಜ್ಜಿ.
ನಾಕನೇದಕ್ಕ ನೆಲದಾಗ ಹಾದು ಕೆಳಗ ಹೋದ.
ನೆಲ ಕಾಣತಿತ್ತು, ಅವಗ ಮಾತ್ರ ಅದು ಇರಲಿಲ್ಲ.
ಪರದೆಯ ಮೂಲ್ಯಾಗ ಅಂಕಿ ಓಡಾಕತ್ತಿತ್ತು,
ಋಣ ನಾನೂರು, ಋಣ ನಾಕು ಸಾವಿರ,
ವಿರೂಪಾಕ್ಷ ತಲಿ ಹಿಡಕೊಂಡು ಕುಂತ.
"ಇಷ್ಟ ಹೊತ್ತು ಬೀಳೂದಕ್ಕ ಸಪ್ಪಳ ಏನ ಹಾಕ್ತೀ?"
ಶಾಹೀನ್ ಕೇಳಿದ್ಲು. ಚಾಷ್ಟಿಗೆ ಕೇಳಿದ್ದಲ್ಲ.

ಎರಡಕ್ಕ ಕರೆಂಟ್ ಹೋತು.
ಯುಪಿಎಸ್ ನಾಕು ಮಿನಿಟು ಅತ್ತು ಸುಮ್ಮನಾತು.
ಬ್ಯಾಟರಿ ಹಿಡಕೊಂಡು ವಾಚ್‌ಮನ್ ದ್ಯಾಮಣ್ಣ ಬಂದ,
"ಏನ ಕಟ್ಟಾಕತ್ತೀರವಾ ಇಷ್ಟೊತ್ತನ್ಯಾಗ?"
ಹೇಳಿದ್ವಿ. ತಿಳದಂಗ ತಲಿ ಹಾಕಿದ.
ಕಿಸೆದಾಗಿಂದ ಹುಣಸಿ ಪಕ್ಕ ತಗದ,
ಒಂದು ಮಗ್ಗಲ ಸವಸಿ ಬೆಳ್ಳಗ ಮಾಡಿದ್ವು,
ಬೋರ್ಡಿನ ಸೀಮಿಸುಣ್ಣದಲೇ ನೆಲದ ಮ್ಯಾಲ ಚಕ್ಕಾ ಬರದ.
ಮುಷ್ಟಿಗೆ ಉಫ್ ಅಂತ ಊದಿ ಒಗೀತಿದ್ದ.
ನಾಕು. ಎಂಟು. ಮತ್ತ ನಾಕು.
ಎರಡು ಆಟ ನಮ್ಮೆಲ್ಲಾರನೂ ಸೋಲಿಸಿದ.
ಕಡದ ನನ್ನ ಕಾಯಿ ಎತ್ತಿ ನನ್ನ ಅಂಗೈಯಾಗ ಇಟ್ಟು ಅಂದ,
"ಸತ್ತ ಕಾಯಿನೂ ತನ್ನ ಮನಿಗೆ ಬಂದು ಹುಟ್ಟತೈತಿ.
ನಿಮ್ಮ ಹುಡುಗಗ ಮನಿ ಯಾಕ ಇಟ್ಟಿಲ್ಲ?"

ಕರೆಂಟ್ ಬಂದಾಗ ನಾಕೂವರಿ.
ವಿರೂಪಾಕ್ಷ ಎರಡ ಸಾಲು ಬರದ:
ಇಷ್ಟ ತಳಗ ಹೋದ್ರ ಅಷ್ಟ ಮ್ಯಾಲಿಂದ ಬಾ.
ಈಗ ನಮ್ಮ ಹುಡುಗ ನೆಲದಾಗ ಹಾದು ಬೀಳತಾನ,
ಮುಗಿಲಿನಿಂದ ಅದ ಹೊಲಕ್ಕ ಇಳೀತಾನ,
ಒಂದು ಬಿರುಕು ಆಚೆ.
ತಪ್ಪು ತಿದ್ದಲಿಲ್ಲ ನಾವು. ಆಟ ಅದ ಆತು.

ನನ್ನ ಫೋನು ಬಂದ್ ಮಾಡೂದು ಮರತಿದ್ದೆ.
ಕತ್ತಲಿ ತುಂಬ ಅದು ಕೇಳಿಸಿಕೊಂಡಿತ್ತು:
ಪಕ್ಕ ಉರುಳಿದ್ದು, ತ್ರಿವೇಣಿ ಆಕಳಿಸಿದ್ದು,
ದೂರ ರೈಲಿನ ಶಿಳ್ಳಿ,
ಮತ್ತ ಆ ಉಫ್.
ಅದನ್ನ ಎಳದೆ, ಹತ್ತು ಪಟ್ಟು ಉದ್ದ ಮಾಡಿದೆ,
ಬೀಳೂ ಜಾಗಾದಾಗ ಇಟ್ಟೆ.

ನಮಗ ಆರನೇ ನಂಬರು.
ಪುಣೇದವರು ಹುಡುಗನ ಹೆಸರು ಕೇಳಿದ್ರು,
ಇಡೂದು ಮರತಿತ್ತು.
ರಾತ್ರಿ ಕೋಲಿ ಕೀಲಿ ಹಾಕಾಕ ಬಂದ ದ್ಯಾಮಣ್ಣಗ
ಹೆಡ್‌ಫೋನ್ ಏರಿಸಿ ಕುಂಡರಿಸಿದೆ.
ಹುಡುಗ ಬಿದ್ದ. ಅವ ಕಣ್ಣು ಮುಚ್ಚಿ ಕೇಳಿದ,
ಹೆಡ್‌ಫೋನ್ ಸಾವಕಾಶ ತಗದು ನನ್ನ ಕೈಯಾಗ ಕೊಟ್ಟು,
"ಯಾರೋ ಮುದುಕ ಒಳಗ ಕುಂತಾನ ನೋಡವಾ," ಅಂದ,
"ಹುಡುಗನ್ನ ಹಿಡ್ಯಾಕಂತ."